ವೀ, ಮೂವ್, ಕಿನೆಕ್ಟ್: ಒಂದೇ ಟೇಬಲ್ ಟೆನಿಸ್, ಮೂರು ಬಗೆಯ ಕೈ

2006ರ ನವೆಂಬರ್‌ನಲ್ಲಿ ಎರಡೇ ದಿನದ ಅಂತರದಲ್ಲಿ ಅಮೆರಿಕದ ಅಂಗಡಿಗಳಿಗೆ ಎರಡು ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ) ಬಂದವು. ಸೋನಿಯ ಪ್ಲೇಸ್ಟೇಷನ್ 3ರ ಬೆಲೆ ಮಾದರಿ ನೋಡಿಕೊಂಡು 500 ಇಲ್ಲವೇ 600 ಡಾಲರ್, ನಿಂಟೆಂಡೊದ ವೀ 250 ಡಾಲರ್. ವೀ ಚಿತ್ರ 480 ಗೆರೆಗಿಂತ ಮೇಲೆ ಹೋಗುತ್ತಿರಲಿಲ್ಲ. ಹಾಗಿದ್ದೂ ಅದು 10 ಕೋಟಿ ದಾಟಿ ಮಾರಾಟವಾಯಿತು, ಏಕೆಂದರೆ ಗೇಮ್ ಕಂಟ್ರೋಲರ್ ಕಂಡರೆ ದೂರ ಸರಿಯುವವರ ಕೈಗೆ ಅದು ಟಿವಿ ರಿಮೋಟಿನಂಥದ್ದನ್ನು ಕೊಟ್ಟಿತು. ಅದೇ ಜನರ ಬೆನ್ನು ಹತ್ತಿ 2010ರಲ್ಲಿ ಸೋನಿ ಪ್ಲೇಸ್ಟೇಷನ್ 3ಕ್ಕೆ ಮೂವ್ ಎಂಬ ಕೈಯಲ್ಲಿ ಹಿಡಿಯುವ ಕೋಲು ತಂದಿತು, ಮೈಕ್ರೋಸಾಫ್ಟ್ ತನ್ನ ಕನ್ಸೋಲ್ ಎಕ್ಸ್‌ಬಾಕ್ಸ್ 360ಕ್ಕೆ ಮೈಯ ಚಲನೆ ನೋಡುವ ಕಿನೆಕ್ಟ್ ಕ್ಯಾಮೆರಾ ಜೋಡಿಸಿತು.

ಮೂರರಲ್ಲೂ ಟೇಬಲ್ ಟೆನಿಸ್ ಇದೆ: ವೀ ಸ್ಪೋರ್ಟ್ಸ್ ರೆಸಾರ್ಟ್, ಸ್ಪೋರ್ಟ್ಸ್ ಚಾಂಪಿಯನ್ಸ್, ಕಿನೆಕ್ಟ್ ಸ್ಪೋರ್ಟ್ಸ್. ಹೋಲಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು. ಒಂದೇ ಹಾಲಿನಲ್ಲಿ, ಒಂದೇ ಟಿವಿಯ ಮುಂದೆ ಮೂರನ್ನೂ ಆಡಿದರೆ ಯಾರು ಯಾರಿಗಾಗಿ ಮಾಡಿದ್ದು ಎಂಬುದು ಬೇಗ ತಿಳಿಯುತ್ತದೆ.

ವೀ ಕೈಗೆ ಬಂದ ಕೂಡಲೇ ಆಟ ಶುರು. ಆಟಗಾರ ತಾನಾಗಿ ಚೆಂಡಿನತ್ತ ಓಡುತ್ತಾನೆ, ನಾವು ಬೀಸಿದರೆ ಸಾಕು. ಮೊದಲ ರಿಮೋಟಿನಲ್ಲಿ ಬೀಸು ತಿಳಿಯಲು ಇದ್ದದ್ದು ವೇಗೋತ್ಕರ್ಷ ಅಳೆಯುವ ಚಿಪ್ ಮಾತ್ರ. ಕೈ ಎಷ್ಟು ಜೋರಾಗಿ ಬೀಸಿತು ಎಂದು ಅದಕ್ಕೆ ಗೊತ್ತಾಗುತ್ತದೆ, ಹೇಗೆ ತಿರುಗಿತು ಎಂದು ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಹಳೆಯ ವೀ ಸ್ಪೋರ್ಟ್ಸ್ ಟೆನಿಸ್‌ನಲ್ಲಿ ಸೋಫಾದಲ್ಲಿ ಒರಗಿಕೊಂಡು ಮಣಿಕಟ್ಟು ಆಡಿಸಿಯೂ ಗೆಲ್ಲಬಹುದು. 2009ರಲ್ಲಿ ಬಂದ ಮೋಷನ್‌ಪ್ಲಸ್ ತುಂಡಿನಲ್ಲಿ ತಿರುಗುವಿಕೆ ಅಳೆಯುವ ಗೈರೋಸ್ಕೋಪ್ ಇದೆ. ಅದನ್ನು ಸಿಕ್ಕಿಸಿದ ಮೇಲೆ ಚೆಂಡಿಗೆ ಸ್ಪಿನ್ ಕೊಡುವುದು ನಿಜವಾಗಿ ಕೈಗೆ ಬರುತ್ತದೆ. ಹೆಚ್ಚು ಹೊತ್ತು ಆಡಿದಾಗ ಬ್ಯಾಟ್ ಓರೆಯಾಗತೊಡಗಿದರೆ ಗಾಬರಿ ಬೇಡ. ಗೈರೋ ಲೆಕ್ಕ ನಿಧಾನವಾಗಿ ಜಾರುತ್ತದೆ. ರಿಮೋಟನ್ನು ಬಟನ್ ಇರುವ ಮೈ ಕೆಳಗಾಗಿ ಸಮತಟ್ಟಾದ ಜಾಗದಲ್ಲಿ ಕೆಲವು ಸೆಕೆಂಡು ಇಟ್ಟರೆ ಸರಿಹೋಗುತ್ತದೆ.

ಟಿವಿಯ ಮೇಲಿಡುವ ಸೆನ್ಸರ್ ಬಾರ್ ಎಂಬ ಪಟ್ಟಿ ಹೆಸರಿಗೆ ಮಾತ್ರ ಸೆನ್ಸರ್. ಅದರ ಎರಡು ತುದಿಯಲ್ಲಿ ಇನ್‌ಫ್ರಾರೆಡ್ ದೀಪಗಳಿವೆ, ನೋಡುವ ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ವೈರ್ ತುಂಡಾದರೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತದೆ! ಕಿಟಕಿಯ ಬಿಸಿಲು ಟಿವಿಯ ಹತ್ತಿರ ಬಿದ್ದರೆ ಮಾತ್ರ ಪರದೆಯ ಮೇಲಿನ ಗುರುತು ಚಡಪಡಿಸುತ್ತದೆ.

ಹೊಸಬರು ಎಡವುವುದು ವೀ ಬೌಲಿಂಗ್‌ನಲ್ಲಿ, ಅಂದರೆ ಚೆಂಡುರುಳಿಸಿ ಪಿನ್ ಬೀಳಿಸುವ ಆಟದಲ್ಲಿ. ಕೆಳಗಿನ ಬಿ ಬಟನ್ ಒತ್ತಿಹಿಡಿದು ಕೈ ಬೀಸಿ, ಚೆಂಡು ಹೋಗಬೇಕಾದ ಕ್ಷಣಕ್ಕೆ ಬಟನ್ ಬಿಡಬೇಕು. ಚೆಂಡೆಸೆದು ರೂಢಿಯಾದ ಕೈ ಬಟನ್ ಜೊತೆ ರಿಮೋಟನ್ನೂ ಬಿಟ್ಟುಬಿಡುತ್ತದೆ. ನಿಂಟೆಂಡೊ 2006ರ ಡಿಸೆಂಬರ್‌ನಲ್ಲೇ ಸುಮಾರು 32 ಲಕ್ಷ ಕೈಪಟ್ಟಿಗಳನ್ನು ದಪ್ಪ ದಾರದವಕ್ಕೆ ಬದಲಿಸಿಕೊಡಬೇಕಾಯಿತು. ಹಿರಿಯರಿಗೂ ಮಕ್ಕಳಿಗೂ ಮೊದಲು ಕೈಪಟ್ಟಿ ಬಿಗಿಸಿ, ಆಮೇಲೆ ಆಟ ಹೇಳಿಕೊಡಿ.

ನಿಖರತೆಯಲ್ಲಿ ಮೂವ್‌ಗೆ ಸಾಟಿಯಿಲ್ಲ. ತುದಿಯಲ್ಲಿ ಹೊಳೆಯುವ ಗೋಲಿಯನ್ನು ಕ್ಯಾಮೆರಾ ನೋಡುತ್ತದೆ. ಗೋಲಿ ದೊಡ್ಡದಾಗಿ ಕಂಡರೆ ಹತ್ತಿರ, ಚಿಕ್ಕದಾದರೆ ದೂರ. ಜೊತೆಗೆ ಗೈರೋ, ವೇಗೋತ್ಕರ್ಷದ ಚಿಪ್, ದಿಕ್ಕು ಹೇಳುವ ಮ್ಯಾಗ್ನೆಟೋಮೀಟರ್ ಇವೆ. ಬ್ಯಾಟ್ ತುಸು ವಾಲಿಸಿದರೂ ಪರದೆಯಲ್ಲಿ ವಾಲುತ್ತದೆ, ಒಂದು ಹೆಜ್ಜೆ ಹಿಂದಿಟ್ಟರೆ ಆಟಗಾರನೂ ಹಿಂದೆ ಸರಿಯುತ್ತಾನೆ. ವರ್ಷಗಟ್ಟಲೆ ಗೇಮ್ ಆಡಿದವರಿಗೆ ಇದು ಹಬ್ಬ. ಆದರೆ ಆಟಕ್ಕೆ ಮೊದಲು ಕ್ಯಾಮೆರಾದತ್ತ ಹಿಡಿದು ಬಟನ್ ಒತ್ತಿ ಅಳತೆ ಕೊಡಬೇಕು, ಕೈ ಬದಲಾದರೆ ಮತ್ತೆ ಕೊಡಬೇಕು. ನೆಂಟರು ಸರದಿಯಲ್ಲಿ ಆಡುವ ಮನೆಯಲ್ಲಿ ಇದೇ ಉತ್ಸಾಹ ಇಳಿಸುತ್ತದೆ. ಪ್ಲೇಸ್ಟೇಷನ್ ಐ ಕ್ಯಾಮೆರಾದ ಲೆನ್ಸ್ ಉಂಗುರ ತಿರುಗಿಸಿ ನೋಟದ ಕೋನವನ್ನು 75 ಡಿಗ್ರಿಗೆ ಇಟ್ಟುಕೊಳ್ಳಿ. 56ರಲ್ಲಿ ಚಿಕ್ಕ ಕೋಣೆಯಲ್ಲಿ ಕೈ ಚೌಕಟ್ಟಿನಾಚೆ ಹೋಗುತ್ತದೆ.

ಕಿನೆಕ್ಟ್‌ನದು ಎಲ್ಲಕ್ಕಿಂತ ದೊಡ್ಡ ಮಾತು: ಕೈಯಲ್ಲಿ ಏನೂ ಬೇಡ. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಯಿತು. ಕುಣಿತಕ್ಕೆ ಇದನ್ನು ಮೀರಿಸುವುದು ಇನ್ನೊಂದಿಲ್ಲ, ಡಾನ್ಸ್ ಸೆಂಟ್ರಲ್ ಆಡಿದವರು ಒಪ್ಪುತ್ತಾರೆ. ಟೇಬಲ್ ಟೆನಿಸ್‌ನಲ್ಲಿ ಮಾತ್ರ ಬಣ್ಣ ಬಯಲಾಗುತ್ತದೆ. ಅದು ಮೈಯನ್ನು 20 ಕೀಲುಗಳ ಗೊಂಬೆಯಾಗಿ ನೋಡುತ್ತದೆ. ಅಂಗೈ ಎಲ್ಲಿದೆ ಎಂದು ತಿಳಿಯುತ್ತದೆಯೇ ಹೊರತು ಮಣಿಕಟ್ಟು ಹೇಗೆ ಹೊರಳಿತು ಎಂದು ತಿಳಿಯುವುದಿಲ್ಲ. ಮಣಿಕಟ್ಟಿಲ್ಲದ ಟೇಬಲ್ ಟೆನಿಸ್ ಎಂಥದ್ದು? ಮೇಲಾಗಿ ಹೊಡೆತ ಪರದೆಗೆ ತಲುಪುವುದು ಕಣ್ಣಿಗೆ ಕಾಣುವಷ್ಟು ತಡ. ಮೆನುವಿನಲ್ಲಿ ಆಯ್ಕೆಯ ಮೇಲೆ ಕೈ ಚಾಚಿ ವೃತ್ತ ತುಂಬುವವರೆಗೆ ಕಾಯಬೇಕು. ವಯಸ್ಸಾದವರಿಗೆ ತೋಳು ನೋಯುತ್ತದೆ. ಬಟನ್ ತೆಗೆದದ್ದು ಸುಲಭವಾಗಲಿ ಎಂದು, ಆದರೆ ಒಂದು ಬಟನ್ ಒತ್ತುವುದೇ ಇದಕ್ಕಿಂತ ಸುಲಭ.

ಜಾಗವೂ ಬೇಕು. ಒಬ್ಬರಿಗೆ ಸೆನ್ಸರ್‌ನಿಂದ 6 ಅಡಿ, ಇಬ್ಬರಿಗೆ 8 ಅಡಿ ತೆರವಿರಬೇಕು. 10 ಅಡಿ ಹಾಲಿನಲ್ಲಿ ಸೋಫಾ ಎತ್ತಿಡದೆ ಆಗದು. ಸೆನ್ಸರ್ ನೆಲದಿಂದ 2 ರಿಂದ 6 ಅಡಿ ಎತ್ತರದಲ್ಲಿರಲಿ, ಕಿಟಕಿಯ ಪರದೆ ಎಳೆದು ಬಿಸಿಲು ತಡೆಯಿರಿ. ಸೀರೆ, ಪಂಚೆ, ದೊಗಲೆ ಬಟ್ಟೆ ಉಟ್ಟು ನಿಂತರೆ ಕಾಲುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಅದು ತಡಕಾಡುತ್ತದೆ.

ಹೊಸಬರನ್ನು ನಿಜಕ್ಕೂ ಗೌರವದಿಂದ ಕರೆದದ್ದು ವೀ ಎಂದೇ ನಮ್ಮ ತೀರ್ಮಾನ. ಅದು ಸೂಪರ್ ಮಾರಿಯೊ ಗ್ಯಾಲಕ್ಸಿಯಂಥ ಆಟ ಕೊಟ್ಟು ಹಳಬರನ್ನೂ ಉಳಿಸಿಕೊಂಡಿತು. ಆದರೆ ಬೌಲಿಂಗ್ ಆಡಿದವರು ಮುಂದಿನ ಕನ್ಸೋಲಿಗೆ ಬರಲಿಲ್ಲ. 2012ರ ವೀ ಯು ಮಾರಾಟವಾದದ್ದು 1 ಕೋಟಿ 35 ಲಕ್ಷದಷ್ಟು ಮಾತ್ರ. ಮೈಕ್ರೋಸಾಫ್ಟ್ 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟ್ ಕಡ್ಡಾಯ ಮಾಡಿ 499 ಡಾಲರ್ ಕೇಳಿತು. ಪ್ಲೇಸ್ಟೇಷನ್ 4ಕ್ಕೆ 399. ಗೇಮರ್‌ಗಳು ತಮಗೆ ಬೇಡದ ಕ್ಯಾಮೆರಾಕ್ಕೆ 100 ಡಾಲರ್ ತೆರಲು ಒಪ್ಪಲಿಲ್ಲ. 2014ರ ಜೂನ್‌ನಲ್ಲಿ ಕಿನೆಕ್ಟ್ ಇಲ್ಲದ ಪೆಟ್ಟಿಗೆಯೂ ಬಂತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಅಮೆರಿಕದಿಂದ ಊರಿಗೆ ತರುವವರು ಅಡಾಪ್ಟರ್ ಮೇಲಿನ ಬರಹ ಓದಿಯೇ ಪ್ಲಗ್‌ಗೆ ಹಾಕಿ. ಅಲ್ಲಿನ ವೀ ಅಡಾಪ್ಟರ್ 120 ವೋಲ್ಟಿನದು, ನಮ್ಮ 230ಕ್ಕೆ ತಾಳುವುದಿಲ್ಲ. 12 ವೋಲ್ಟ್, 3.7 ಆಂಪಿಯರ್ ಕೊಡುವ, ವೀಗೆಂದೇ ಮಾಡಿದ 230 ವೋಲ್ಟ್ ಅಡಾಪ್ಟರ್ ತೆಗೆದುಕೊಳ್ಳಿ. ಡಿಸ್ಕುಗಳೂ ಅದೇ ಪ್ರದೇಶದ್ದಾಗಿರಬೇಕು, ಅಮೆರಿಕದ ವೀಯಲ್ಲಿ ಯುರೋಪಿನ ಡಿಸ್ಕ್ ಓಡದು. ಹಳೆಯ ದಪ್ಪ ಎಕ್ಸ್‌ಬಾಕ್ಸ್ 360ಕ್ಕೆ ಕಿನೆಕ್ಟ್ ಹಾಕುವುದಾದರೆ ಅದರ ಪ್ರತ್ಯೇಕ ಪವರ್ ಅಡಾಪ್ಟರ್ ಇದೆಯೇ ನೋಡಿ, ಅದಿಲ್ಲದೆ ಸೆನ್ಸರ್ ಆನ್ ಆಗುವುದಿಲ್ಲ. ಮೂವ್ ಕೊಳ್ಳುವಾಗ ಮಿನಿ ಯುಎಸ್‌ಬಿ ಕೇಬಲ್ ಒಯ್ದು ಚಾರ್ಜ್ ನಿಲ್ಲುತ್ತದೆಯೇ ಅಂಗಡಿಯಲ್ಲೇ ಪರೀಕ್ಷಿಸಿ: ವರ್ಷಗಟ್ಟಲೆ ಖಾಲಿ ಬಿದ್ದಿದ್ದರೆ ಒಳಗಿನ ಲಿಥಿಯಂ ಬ್ಯಾಟರಿ ಸತ್ತಿರುತ್ತದೆ. ವೀ ರಿಮೋಟಿಗೆ ಆ ತೊಂದರೆಯಿಲ್ಲ, ಎರಡು ಡಬಲ್ ಎ ಸೆಲ್ ಹಾಕಿದರಾಯಿತು.