ರಾಯಲ್ ಸರ್ಕಲ್ ಹತ್ತಿರದ ಪಾರ್ಸೆಲ್ ಅಂಗಡಿ: ಬನಾನಾ ಅಂದ್ರೆ ಹಣ್ಣಲ್ಲ, ಊರು

ನನ್ನ ಮಗ ಇರೋದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಬನಾನಾ ಅನ್ನೋ ಸಣ್ಣ ಊರಲ್ಲಿ. ಸಂಡೂರಿನ ಗಣಿಯಲ್ಲಿ ಕೆಲಸ ಕಲಿತವನು. ಈಗ ಅಲ್ಲಿ ಕಲ್ಲಿದ್ದಲು ಗಣಿಯಲ್ಲಿ ಮೆಕ್ಯಾನಿಕ್.

ಹೋದ ವರ್ಷ ಬೇರೆ ಕಡೆಯಿಂದ ಪಾರ್ಸೆಲ್ ಕಳಿಸಿದ್ದೆ. ಅವರು ವಿಳಾಸದಲ್ಲಿದ್ದ ಬನಾನಾ ನೋಡಿ, ಸಾಮಾನಿನ ಪಟ್ಟಿಯಲ್ಲೂ ಅದನ್ನೇ ಬರೆದುಬಿಟ್ಟರು. ಆಸ್ಟ್ರೇಲಿಯಾಕ್ಕೆ ಹಸಿ ಹಣ್ಣು ಪಾರ್ಸೆಲ್ ಮಾಡೋ ಹಾಗಿಲ್ಲ. ಹುಳ, ರೋಗ ಬರುತ್ತೆ ಅಂತ ಅವರು ಬಹಳ ಬಿಗಿ. ಡಬ್ಬಿ ಮುಂಬೈನಿಂದಲೇ ವಾಪಸ್ ಬಂತು. ಅಷ್ಟೊತ್ತಿಗೆ ಮಗನ ಹುಟ್ಟುಹಬ್ಬ ಮುಗಿದಿತ್ತು. ಬಿಚ್ಚುವಾಗ ಅಳು ಬಂತು.

ಈ ಸಲ ಇಲ್ಲಿಗೆ ಹೋದೆ. ಕೌಂಟರಿನ ಹುಡುಗನೂ ಅದನ್ನೇ ಕೇಳಿದ: "ಅಮ್ಮಾ, ಒಳಗ ಬಾಳೆಹಣ್ಣು ಅದಾವೇನ್ರಿ?" ಆದರೆ ಬರೆಯೋ ಮೊದಲು ಕೇಳಿದ. ನನಗೆ ಅದೇ ದೊಡ್ಡದು.

ಆ ಊರಿಗೆ ಹೆಸರು ಬಂದಿದ್ದು ಹಣ್ಣಿಂದ ಅಲ್ಲಪ್ಪಾ, ಒಂದು ಎತ್ತಿನಿಂದ ಅಂದೆ. ಮಾಸಲು ಹಳದಿ ಮೈಬಣ್ಣ, ಅದಕ್ಕೇ ಬನಾನಾ ಅಂತ ಕರೀತಿದ್ರು. ಕಾಡಲ್ಲಿ ಬೆಳೆದ ಪುಂಡ ದನಗಳನ್ನ ದೊಡ್ಡಿಗೆ ಹೊಡೆಯೋದು ಸುಲಭವಲ್ಲ. ಆಗ ಈ ಮುದಿ ಎತ್ತನ್ನ ಮುಂದೆ ಬಿಡೋರು. ಅದರ ಹಿಂದೆ ಉಳಿದವೂ ಬಂದು ದೊಡ್ಡಿ ಸೇರ್ತಿದ್ವು. ಸತ್ತ ಮೇಲೆ ಒಂದು ಹಳ್ಳದಲ್ಲಿ ಹೂಳಿದರು. ಹಳ್ಳಕ್ಕೆ ಅದರ ಹೆಸರೇ ಆಯ್ತು, ಆಮೇಲೆ ಊರಿಗೂ. ಊರಲ್ಲಿ ಅದರ ಪ್ರತಿಮೆ ಇದೆ. ಫೋಟೊ ನೋಡಿದಾಗ, ಕಾರಹುಣ್ಣಿಮೆಗೆ ಇದನ್ನೂ ಸಿಂಗರಿಸಬೇಕು ಅನ್ನಿಸಿತ್ತು.

ಹುಡುಗ ಪೆನ್ನು ಕೆಳಗಿಟ್ಟು ಕೇಳಿದ. "ನಮ್ಮೂರೂ ಹಂಗ ಅಲ್ರಿ, ಬಳ್ಳದಿಂದ ಬಳ್ಳಾರಿ" ಅಂದ. ಲಿಂಗ ಸಿಗದ ಭಕ್ತ ಕಾಳು ಅಳೆಯೋ ಬಳ್ಳವನ್ನೇ ಬೋರಲು ಹಾಕಿ ಪೂಜೆ ಮಾಡಿದ ಕಥೆ ಇಲ್ಲಿ ಎಲ್ಲರ ಮನೆಯಲ್ಲೂ ಹೇಳ್ತಾರೆ, ಅಲ್ವಾ?

ಆಮೇಲೆ ಫಾರ್ಮ್ ತುಂಬಿದ. ಊರು ಅಂತಿರೋ ಜಾಗದಲ್ಲಿ ಮಾತ್ರ ಬನಾನಾ, ಪಕ್ಕದಲ್ಲೇ ರಾಜ್ಯ, ಪಿನ್‌ಕೋಡ್. ಪಟ್ಟಿಯಲ್ಲಿ ಇಲ್ಲೇ ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ 3, ಹತ್ತಿ ದುಪ್ಪಟಿ 1. ಬೆಂಡೆ ಬೀಜದ ಪೊಟ್ಟಣ ಇಟ್ಟಿದ್ದೆ, ಅದನ್ನ ತೆಗೆಸಿದ. ಬೇಜಾರಾಯ್ತು, ಆದರೆ ಅವನು ಮಾಡಿದ್ದೇ ಸರಿ.

4 ಕೆಜಿಗೆ 4,600 ರೂಪಾಯಿ ಆಯ್ತು. ಪ್ಯಾಕಿಂಗ್‌ಗೆ ಅಂತ 150 ಜಾಸ್ತಿ ತಗೊಂಡರು, ಅದನ್ನ ಮೊದಲೇ ಹೇಳಬೇಕಿತ್ತು. ಕೂರೋಕೆ ಒಂದು ಕುರ್ಚಿಯೂ ಇಲ್ಲ, ನನ್ನಂಥ ಮಂಡಿನೋವಿನವರಿಗೆ ಕಷ್ಟ. 12ನೇ ದಿನ ಪಾರ್ಸೆಲ್ ಮಗನ ಕೈ ಸೇರಿತು. ದೀಪಾವಳಿಗೂ ಇಲ್ಲಿಂದಲೇ ಕಳಿಸ್ತೀನಿ.

ಹೋಗೋರು ಆಧಾರ್ ಜೆರಾಕ್ಸ್ ಇಟ್ಕೊಂಡು ಹೋಗಿ. ಬೆಳಿಗ್ಗೆ 11ರ ಒಳಗೆ ಹೋದರೆ ರಶ್ ಇರಲ್ಲ.