ಶಿರಸಿಯಿಂದ ಗೋಕರ್ಣಕ್ಕೆ ಸೈಕಲ್: ಪ್ಯಾನಿಯರೋ, ಕಟ್ಟುವ ಚೀಲವೋ?

ಯಾಣದ ಮೇಲೆ ಗೋಕರ್ಣಕ್ಕೆ ಹೊರಟಿದ್ದೀರಿ, ಸಾಮಾನು ಯಾವುದರಲ್ಲಿ ತುಂಬಲಿ ಅಂತ ಕೇಳಿದ್ದೀರಿ. ಕ್ಯಾರಿಯರ್‌ಗೆ ಎರಡೂ ಬದಿ ಪ್ಯಾನಿಯರ್, ಅಂದರೆ ಚಕ್ರದ ಪಕ್ಕಕ್ಕೆ ಇಳಿಬೀಳುವ ಜೋಡಿ ಚೀಲ, ನೇತುಹಾಕಬಹುದು. ಇಲ್ಲಾ ಸೀಟು, ಫ್ರೇಮು, ಹ್ಯಾಂಡಲ್‌ಗೆ ಪಟ್ಟಿ ಬಿಗಿದು ಚೀಲ ಕಟ್ಟಬಹುದು.

ಮೊದಲು ರಸ್ತೆ ನೋಡಿ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಕಡಲಮಟ್ಟಕ್ಕೆ ಇಳಿಯಬೇಕು. ಡಾಂಬರು ಕಿತ್ತುಹೋದ ಕಡೆ ಜಲ್ಲಿಯ ಮೇಲೆ ಕುಲುಕಾಟ ಜಾಸ್ತಿ. ಆಗ ಕ್ಯಾರಿಯರ್ ಹಿಡಿದಿರುವ ಸಣ್ಣ ಬೋಲ್ಟುಗಳು ಮೆಲ್ಲಗೆ ಸಡಿಲವಾಗುತ್ತವೆ. ಪ್ರತಿ ನಿಲುಗಡೆಯಲ್ಲೂ ಕೈಯಿಂದ ಅಲ್ಲಾಡಿಸಿ ನೋಡಿ. ಎರಡು ಬೋಲ್ಟು, ನಾಲ್ಕು ಕೇಬಲ್ ಟೈ ಜೊತೆಗಿರಲಿ. ಸೈಕಲ್ ತಳ್ಳುವಾಗ ಪ್ಯಾನಿಯರ್ ಮೀನಖಂಡಕ್ಕೆ ಬಡಿಯುತ್ತದೆ, ಅದೂ ಕಿರಿಕಿರಿ.

ಕಟ್ಟುವ ಚೀಲಕ್ಕೆ ಬೋಲ್ಟಿನ ಗೋಳಿಲ್ಲ. ಆದರೆ ಸೀಟಿನ ಚೀಲಕ್ಕೆ ಭಾರ ತುಂಬಿದರೆ ತಿರುವಿನಲ್ಲಿ ಬಾಲದಂತೆ ಆಡುತ್ತದೆ. ನೀರು, ಸ್ಪ್ಯಾನರ್, ಟ್ಯೂಬ್ ಫ್ರೇಮಿನ ಚೀಲಕ್ಕೆ ಹಾಕಿ. ಹಿಂದೆ ಬಟ್ಟೆ ಮಾತ್ರ. ಜಾಗವೂ ಕಮ್ಮಿ, ದಿನಾ ಬೆಳಿಗ್ಗೆ ಒತ್ತಿ ತುಂಬಬೇಕು.

ದುಡ್ಡಿನ ವಿಷಯ: ಮಾಮೂಲಿ ಸ್ಟೀಲ್ ಕ್ಯಾರಿಯರ್ ಅಗ್ಗ, ಮುರಿದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಕೂಡಿಸುತ್ತಾರೆ. ಅಲ್ಯೂಮಿನಿಯಂ ಆದರೆ ಆ ಭರವಸೆ ಇಲ್ಲ. ಕಟ್ಟುವ ಒಳ್ಳೆ ಚೀಲಗಳ ಸೆಟ್ ದುಬಾರಿಯೇ.

ಟೆಂಟು, ಅಡುಗೆ ಸಾಮಾನು ಹೊತ್ತು, ಆಮೇಲೆ ಕಾರವಾರದವರೆಗೂ ಹೆದ್ದಾರಿಯಲ್ಲೇ ಹೋಗುವವರಿಗೆ ಪ್ಯಾನಿಯರ್ ಸರಿ. ಒಂದೇ ರಾತ್ರಿ, ಲಾಡ್ಜಿನಲ್ಲಿ ಮಲಗುವುದು, ಮಣ್ಣುದಾರಿಯೇ ಹೆಚ್ಚು ಅಂದರೆ ಚೀಲ ಕಟ್ಟಿ. ಮಳೆಗಾಲವಾದರೆ ಯಾವುದೇ ಇರಲಿ, ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಲೇಬೇಕು.