ಹಂಟಿಂಗ್ ಬೋಗೆ ಯಾವ ಆರೋ ರೆಸ್ಟ್? ಮೂರು ಹಾಕಿ ನೋಡಿದ ಮೇಲೆ ಹೇಳುತ್ತಿದ್ದೇನೆ

ಬಿಲ್ಲು ತಗೊಂಡು ಎರಡೂವರೆ ವರ್ಷ ಆಯ್ತು. ಇಷ್ಟರಲ್ಲಿ ಮೂರು ಥರದ ಆರೋ ರೆಸ್ಟ್, ಅಂದರೆ ಬಿಲ್ಲಿಗೆ ಹಾಕುವ ಬಾಣ ಕೂರುವ ಸಾಮಾನು, ಹಾಕಿ ನೋಡಿದ್ದೇನೆ. ಬೆಳಗಾವಿಯಲ್ಲಿ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ, ಹೆದೆಯ ಜೊತೆಗೆ ಕೇಬಲ್ ಇರುವ ಬಿಲ್ಲು) ಹಿಡಿದವರು ನನಗೆ ಗೊತ್ತಿರುವಂತೆ ಬಹಳ ಕಡಿಮೆ. ನಾನು ಶುರು ಮಾಡಿದಾಗ ಕೇಳೋಣ ಅಂದರೆ ಒಬ್ಬರೂ ಸಿಗಲಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹಂಟಿಂಗ್ ಬೋ ಅನ್ನುವುದು ಬಿಲ್ಲಿನ ಜಾತಿಯ ಹೆಸರು, ಅಷ್ಟೇ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಅಂತ ಮಾಡಿದ್ದು. ಗಿಡ್ಡ ಇರುತ್ತದೆ, ಗಟ್ಟಿ ಇರುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆ ಅಪರಾಧ. ನಾನು ಹೊಡೆಯುವುದು ಖಾನಾಪುರ ರಸ್ತೆ ಕಡೆ ಕಾಕಾನ ಹೊಲದಲ್ಲಿ, ಫೋಮ್ ಟಾರ್ಗೆಟ್‌ಗೆ, ಹಿಂದೆ ಎತ್ತರದ ಮಣ್ಣಿನ ಒಡ್ಡು ಇಟ್ಟುಕೊಂಡು. ಖಾನಾಪುರ ದಾಟಿದರೆ ಭೀಮಗಡ ಅಭಯಾರಣ್ಯ. ಆ ಕಡೆ ಗಾಡಿಯಲ್ಲಿ ಬಿಲ್ಲು ಇಟ್ಟುಕೊಂಡು ಹೋಗಲೇಬೇಡಿ.

ಈಗ ರೆಸ್ಟ್ ವಿಷಯ. ಹೆದೆ ಎಳೆಯುವಾಗ, ಬಿಡುವಾಗ ಬಾಣ ಕೂರುವ ಜಾಗ ಇದು. ಅಂಗೈಯಷ್ಟು ಕೂಡ ಇಲ್ಲದ ಸಾಮಾನು. ಆದರೆ ಬಾಣ ಬಿಲ್ಲು ಬಿಟ್ಟು ಹೋಗುವಾಗ ಕೊನೆಗೆ ಮುಟ್ಟುವ ವಸ್ತು ಇದೇ ಅಲ್ವಾ, ಇಲ್ಲಿ ಕೂದಲೆಳೆಯಷ್ಟು ತಪ್ಪಿದರೂ 40 ಮೀಟರ್‌ನಲ್ಲಿ ಅದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ.

ನನ್ನ ಬಿಲ್ಲು ಸೆಕೆಂಡ್ ಹ್ಯಾಂಡ್. ಹಿಂದಿನವರು ಅದಕ್ಕೆ ಬ್ಲೇಡ್ ರೆಸ್ಟ್ ಹಾಕಿದ್ದರು. ತೆಳ್ಳಗಿನ ಸ್ಪ್ರಿಂಗ್ ಸ್ಟೀಲ್ ಪಟ್ಟಿ, ದಪ್ಪ 0.010 ಇಂಚು, ಅಂದರೆ ಕಾಲು ಮಿಲಿಮೀಟರ್. ತುದಿಯಲ್ಲಿ ಸಣ್ಣ ಕಚ್ಚು, ಬಾಣ ಅದರ ಮೇಲೆ ಸುಮ್ನೆ ಕೂತಿರುತ್ತದೆ, ಹಿಡಿದುಕೊಳ್ಳುವಂಥದ್ದು ಏನೂ ಇಲ್ಲ. ಸಪಾಟಾದ ಮೈದಾನದಲ್ಲಿ 50 ಮೀಟರ್ ಟಾರ್ಗೆಟ್ ಆಡುವವರು ಹೆಚ್ಚಾಗಿ ಇದನ್ನೇ ಹಾಕುತ್ತಾರೆ, ಅವರಿಗೆ ಅದು ಸರಿ. ನನಗೆ ಆಗಲಿಲ್ಲ. ಜೂನ್ ಗಾಳಿಯಲ್ಲಿ ಹೆದೆ ಎಳೆಯುವಾಗ ಕೈ ಸ್ವಲ್ಪ ಅಲುಗಿದರೂ ಬಾಣ ಜಾರುತ್ತಿತ್ತು. ಒಂದು ಸಲ ಪೂರ್ತಿ ಎಳೆದು ನಿಂತಿದ್ದೇನೆ, ಬದಿಯಲ್ಲಿ ನಿಂತಿದ್ದ ಕಾಕಾ, "ತಡಿಯೋ ತಮ್ಮಾ, ಬಾಣ ಬಿತ್ತ್ ನೋಡು" ಅಂದರು. ನೋಡಿದರೆ ಬಾಣ ಪಟ್ಟಿಯಿಂದ ಇಳಿದು ನನ್ನ ಎಡಗೈ ಬೆರಳಿನ ಮೇಲೆ ಕೂತಿದೆ. ಆಗ ಬಿಟ್ಟಿದ್ದರೆ ಬೆರಳು ಹೋಗುತ್ತಿತ್ತು. ನಿಧಾನವಾಗಿ ಹೆದೆ ವಾಪಸ್ ಇಳಿಸಿದೆ. ಹೊಲದಲ್ಲಿ, ಏರು ತಗ್ಗಿನಲ್ಲಿ ಹೊಡೆಯುವವರು ಬ್ಲೇಡ್ ರೆಸ್ಟ್ ತಂಟೆಗೆ ಹೋಗಬೇಡಿ.

ಎರಡನೆಯದು ಬ್ರಶ್ ರೆಸ್ಟ್. ದುಂಡನೆ ಬಳೆ, ಅದರೊಳಗೆ ಸುತ್ತಲೂ ಬ್ರಶ್ ಕೂದಲು, ನಡುವೆ ತೂತು. ಮೇಲೆ ಇರುವ ಸೀಳಿನಿಂದ ಬಾಣ ಒಳಗೆ ತೂರಿಸಿದರೆ ಮುಗೀತು, ಬಿಲ್ಲನ್ನು ಮಗುಚಿ ಹಿಡಿದರೂ ಬೀಳಲ್ಲ. ಚಲಿಸುವ ಭಾಗ ಒಂದೂ ಇಲ್ಲ, ದಾರ ಇಲ್ಲ, ಸ್ಪ್ರಿಂಗ್ ಇಲ್ಲ, ಕೆಡೋದಕ್ಕೆ ಏನೂ ಇಲ್ಲ. ಬೆಲೆಯೂ ಮೂರನೆಯದಕ್ಕಿಂತ ಅರ್ಧಕ್ಕೂ ಕಡಿಮೆ. ಹೊಸದಾಗಿ ಕಲಿಯುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಆದರೆ ಬಾಣದ ಗರಿ ಆ ಕೂದಲನ್ನು ಉಜ್ಜಿಕೊಂಡೇ ಹೊರಗೆ ಹೋಗಬೇಕು. ಹಕ್ಕಿ ಗರಿಯ ಬಾಣ ಇದಕ್ಕೆ ಬೇಡ, ಬೇಗ ಹಾಳಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಗರಿ, ಅಂದರೆ ವೇನ್ ಇರಲಿ. ಮೂರು ವೇನ್ ಪೈಕಿ ಬೇರೆ ಬಣ್ಣದ ಒಂಟಿ ವೇನ್ ಮೇಲೆ ಬರುವಂತೆ ಬಾಣ ಹೂಡಿ, ಯಾಕಂದ್ರೆ ಕೆಳಗಿನ ಕೂದಲು ಬಾಣದ ಭಾರ ಹೊರಲು ಬಿರುಸಾಗಿರುತ್ತದೆ, ವೇನ್ ಅದಕ್ಕೆ ನೇರ ಬಡಿಯಬಾರದು. ಹೀಗೆ ಹೂಡಿದರೂ ನನ್ನ ವೇನ್‌ಗಳ ಅಂಚು ಒಂದು ವರ್ಷದಲ್ಲಿ ಅಲೆ ಅಲೆಯಾಗಿ ಸುಕ್ಕಾಯಿತು. ನಮ್ಮ ಮಳೆಗಾಲ ಗೊತ್ತಲ್ಲ, ಜುಲೈನಲ್ಲಿ ಜಿಟಿಜಿಟಿ ನಿಲ್ಲುವುದೇ ಇಲ್ಲ. ಕೂದಲು ನೆನೆದ ದಿನ ಬಾಣಗಳು ಒಂದು ಕಡೆ ಗುಂಪಾಗಿ ಬೀಳದೆ ಚದುರುತ್ತಿದ್ದವು.

ಮೂರನೆಯದು ಈಗ ಬಿಲ್ಲಿನ ಮೇಲಿರುವುದು, ಡ್ರಾಪ್ ಅವೇ. ಬಾಣ ಕೂರುವ ಕವಲು ಹೆದೆ ಎಳೆದಾಗ ಎದ್ದು ನಿಲ್ಲುತ್ತದೆ, ಬಾಣ ಬಿಟ್ಟ ಕೂಡಲೇ ಕೆಳಗೆ ಬೀಳುತ್ತದೆ, ಹಾಗಾಗಿ ಗರಿ ಬರುವ ಹೊತ್ತಿಗೆ ದಾರಿಯಲ್ಲಿ ಏನೂ ಇರುವುದಿಲ್ಲ. ಇದರಲ್ಲಿ ಎರಡು ಬಗೆ. ಒಂದರಲ್ಲಿ ದಾರವನ್ನು ಕೇಬಲ್‌ಗೆ ಕಟ್ಟುತ್ತಾರೆ, ಹೆದೆ ಎಳೆದಾಗ ಕೇಬಲ್ ಕೆಳಗೆ ಸರಿದು ಕವಲನ್ನು ಎತ್ತುತ್ತದೆ. ಇನ್ನೊಂದರಲ್ಲಿ ದಾರ ಲಿಂಬ್‌ಗೆ, ಅಂದರೆ ಬಿಲ್ಲಿನ ಬಾಗುವ ತೋಳಿಗೆ. ಲಿಂಬ್ ಬಾಗಿದಾಗ ದಾರ ಸಡಿಲಾಗಿ ಸ್ಪ್ರಿಂಗ್ ಕವಲನ್ನು ಎತ್ತುತ್ತದೆ, ಬಾಣ ಬಿಟ್ಟಾಗ ಲಿಂಬ್ ನೆಟ್ಟಗಾಗಿ ಕವಲನ್ನು ಕೆಳಗೆ ಜಗ್ಗುತ್ತದೆ. ನಾನು ಎರಡನೆಯ ಬಗೆ ತಗೊಂಡೆ. ಕಾರಣ ಸರಳ. ಕೇಬಲ್ ಎಳೆಗಳ ನಡುವೆ ದಾರ ತೂರಿಸಲು ಬೋ ಪ್ರೆಸ್, ಅಂದರೆ ಬಿಲ್ಲನ್ನು ಒತ್ತಿ ಕೇಬಲ್ ಸಡಿಲಿಸುವ ಸಾಧನ ಬೇಕಾಗಬಹುದು, ಅದು ನನ್ನ ಹತ್ತಿರ ಇಲ್ಲ. ಇನ್ನೊಂದು, ಕೇಬಲ್ ದಾರ ಹರಿದರೆ ಕವಲು ಏಳುವುದೇ ಇಲ್ಲ, ಆ ದಿನದ ಆಟ ಮುಗಿದಂತೆ. ಲಿಂಬ್ ದಾರ ಹರಿದರೆ ಕವಲು ಎದ್ದೇ ಇರುತ್ತದೆ, ಗರಿ ತಾಗಬಹುದು, ಆದರೂ ಬಾಣ ಹೊಡೆಯಬಹುದು.

ತರಿಸುವಾಗ ಒಂದು ಪೇಚಾಯಿತು. ಆನ್‌ಲೈನ್‌ನಲ್ಲಿ ಮಾರಿದವರು ಎಡಗೈದು ಕಳಿಸಿಬಿಟ್ಟರು, ಬದಲಾಯಿಸಿ ಕೊಡಲು ಮೂರು ವಾರ. ನೆನಪಿಡಿ, ಎಡಗೈಯಲ್ಲಿ ಬಿಲ್ಲು ಹಿಡಿದು ಬಲಗೈಯಲ್ಲಿ ಹೆದೆ ಎಳೆಯುವವರದು ಬಲಗೈ ಬಿಲ್ಲು. ಆರ್ಡರ್ ಮಾಡುವಾಗ ಇದನ್ನು ಬರೆದೇ ಹೇಳಿ.

ಕೂರಿಸುವಾಗ ಇನ್ನೊಂದು. ರೆಸ್ಟ್ ಬೋಲ್ಟ್ 5/16-24, ಅಡ್ಜಸ್ಟ್ ಮಾಡುವ ಸ್ಕ್ರೂಗಳೂ ಇಂಚಿನವು. ಮನೆಯಲ್ಲಿದ್ದ ಮಿಲಿಮೀಟರ್ ಅಲೆನ್ ಕೀ ಹಾಕಿ ತಿರುಗಿಸಿದೆ, ಹಿಡಿದ ಹಾಗೆ ಆಗಿ ಜಾರಿತು. ಉದ್ಯಮಬಾಗದ ಒಂದು ಮಷಿನ್ ಶಾಪ್‌ಗೆ ಒಯ್ದೆ. ಅಲ್ಲಿನ ಮೇಸ್ತ್ರಿ ಸ್ಕ್ರೂ ತಲೆ ಬೆಳಕಿಗೆ ಹಿಡಿದು ನೋಡಿ, "ಮತ್ತ ಮಿಲಿಮೀಟರ್ ಕೀ ಹಾಕಬ್ಯಾಡ್ರಿ ಸರ, ಇದು ಇಂಚಿಂದೈತ್ರಿ, ತಲಿ ಕಿತ್ತ ಹೋಗತೈತಿ" ಅಂದು ತಮ್ಮ ಇಂಚಿನ ಸೆಟ್ ಕೊಟ್ಟರು. ಹತ್ತು ನಿಮಿಷದಲ್ಲಿ ಕೂತಿತು. ಅವರು ದುಡ್ಡು ತಗೊಳ್ಳಲಿಲ್ಲ, ಒಂದು ಬಾಣ ಕೈಯಲ್ಲಿ ಹಿಡಿದು ನೋಡಿ ಖುಷಿಪಟ್ಟರು.

ಮೊದಲು ಬಾಣದ ನಡು ಬಿಲ್ಲಿನ ಹಿಡಿ ಇರುವ ಗಟ್ಟಿ ನಡುಭಾಗದಿಂದ, ಅಂದರೆ ರೈಸರ್‌ನಿಂದ 13/16 ಇಂಚು, ಸುಮಾರು 20.6 ಮಿಲಿಮೀಟರ್ ದೂರ ಇಟ್ಟೆ. ನಿಮ್ಮ ಬಿಲ್ಲಿನ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಇಡಿ. ಆಮೇಲೆ ಬಾಣ ನೆಟ್ಟಗೆ ಹೋಗುತ್ತಿದೆಯಾ ಅಂತ ನೋಡುವ ಪೇಪರ್ ಟೆಸ್ಟ್. ಕಟ್ಟಿಗೆ ಚೌಕಟ್ಟಿಗೆ ಹಳೆ ದಿನಪತ್ರಿಕೆ ಬಿಗಿದು, ಎರಡು ಮೀಟರ್ ದೂರದಿಂದ ಬಾಣ ತೂರಿಸಿದೆ. ದುಂಡನೆ ತೂತಿನ ಸುತ್ತ ಮೂರು ವೇನ್‌ಗಳ ಗೀರು ಬರಬೇಕಿತ್ತು. ನನಗೆ ಬಂದದ್ದು ಮೇಲಕ್ಕೆ ಒಂದು ಇಂಚು ಹರಿದ ಸೀಳು, ಅಂದರೆ ಬಾಣದ ಬಾಲ ಎದ್ದು ಹೋಗುತ್ತಿದೆ. ವೇನ್‌ಗಳಿಗೆ ಮಕ್ಕಳ ಟಾಲ್ಕಂ ಪೌಡರ್ ತೆಳ್ಳಗೆ ಸವರಿ, ಎಲ್ಲಿ ತಾಗುತ್ತಿದೆ ನೋಡೋಣ ಅಂತ ಮತ್ತೆ ಹೊಡೆದೆ. ಕೆಳಗಿನ ಒಂದು ವೇನ್ ಹಿಂಬದಿಯಲ್ಲಿ ಪೌಡರ್ ಅಕ್ಕಿಕಾಳಿನಷ್ಟು ಒರೆಸಿಹೋಗಿತ್ತು, ಕವಲಿನ ತುದಿಯಲ್ಲಿ ಅಷ್ಟೇ ಬಿಳಿ ಅಂಟಿತ್ತು. ಕವಲು ತಡವಾಗಿ ಬೀಳುತ್ತಿತ್ತು. ದಾರವನ್ನು ಮೂರು ಮಿಲಿಮೀಟರ್ ಬಿಗಿ ಮಾಡಿದೆ, ಮುಂದಿನ ತೂತು ದುಂಡಗೆ ಬಂತು. ಆ ಪೇಪರ್ ಇನ್ನೂ ಎತ್ತಿಟ್ಟಿದ್ದೇನೆ.

ಬೇಸರದ್ದೂ ಹೇಳಬೇಕು. ಬೆಲೆ ಜಾಸ್ತಿ, ಕಸ್ಟಮ್ಸ್ ಬೇರೆ. ದಾರ ಸವೆಯುತ್ತದೆ, ನಾನು ಒಂದು ಸಲ ಬದಲಾಯಿಸಿದ್ದೇನೆ. ಕವಲಿಗೆ ಮೆತ್ತೆ ಅಂಟಿಸದಿದ್ದರೆ ಟಿಕ್ ಅಂತ ಸದ್ದು ಬರುತ್ತದೆ. ಇಷ್ಟಾದರೂ ಈ ಮಳೆಗಾಲದಲ್ಲಿ 40 ಮೀಟರ್‌ಗೆ ಆರು ಬಾಣದಲ್ಲಿ ಐದು ನನ್ನ ಅಂಗೈ ಅಗಲದೊಳಗೆ ಬಿದ್ದವು, ಒದ್ದೆ ಬಿಲ್ಲಿನಲ್ಲಿ. ಬ್ರಶ್ ಇದ್ದಾಗ ಇದು ನನಗೆ ಆಗಿರಲಿಲ್ಲ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಐದೂ ಕಾಂಪೌಂಡ್ ಚಿನ್ನ ನಮ್ಮವರಿಗೆ ಬಂದಮೇಲೆ, ಅದರಲ್ಲೂ ಚಿನ್ನ ಗೆದ್ದ ಮಹಿಳಾ ತಂಡದಲ್ಲಿದ್ದ ಅದಿತಿ ಸ್ವಾಮಿ ನಮ್ಮ ಪುಣೆ ಹೈವೇಯಲ್ಲೇ ಬರುವ ಸಾತಾರಾದವಳು ಅಂತ ಗೊತ್ತಾದಮೇಲೆ, ಈ ಕಡೆ ಹುಡುಗರು ಬಂದು ಕೇಳುತ್ತಿದ್ದಾರೆ. 2028ರ ಒಲಿಂಪಿಕ್ಸ್‌ಗೂ ಕಾಂಪೌಂಡ್ ಮಿಶ್ರ ತಂಡದ ಆಟ ಬರುತ್ತಿದೆ. ಅವರಿಗೆಲ್ಲ ನಾನು ಹೇಳುವುದು ಒಂದೇ, ಮೊದಲ ವರ್ಷ ಬ್ರಶ್ ಇರಲಿ, ಕೈ ಕೂತಮೇಲೆ ಲಿಂಬ್ ದಾರದ ಡ್ರಾಪ್ ಅವೇಗೆ ದುಡ್ಡು ಕೂಡಿಸಿ. ನನ್ನ ಬ್ರಶ್ ರೆಸ್ಟ್ ಈಗ ಅನಗೋಳದ ಒಬ್ಬ ಹುಡುಗನ ಬಿಲ್ಲಿನ ಮೇಲಿದೆ, ಇಂಚಿನ ಅಲೆನ್ ಕೀ ಸೆಟ್ ಕೂಡ ಅವನ ಹತ್ತಿರವೇ ಇದೆ.